ಅತ್ತೆಯ ಮಣಿಕಟ್ಟು, ಅಳಿಯನ ನ್ಯಾನೋಮೀಟರು

ಒಂದು ಮನೆಗೆ ಇಬ್ಬರು ಅಳಿಯಂದಿರಿದ್ದರೆ ಕೆಲಸ ತಾನಾಗಿಯೇ ಹಂಚಿಕೆಯಾಗುತ್ತದೆ. ಹಿರಿಯ ಅಳಿಯ ಅಭಿಪ್ರಾಯ ಹೇಳುತ್ತಾನೆ, ಕಿರಿಯ ಅಳಿಯ ಕಾರು ಓಡಿಸುತ್ತಾನೆ. ಪೀಳಮೇಡಿನ ನಮ್ಮ ಮಾವ ನಾರಾಯಣ ರಾಯರ ಮನೆಯಲ್ಲಿ ಅಭಿಪ್ರಾಯದ ಖಾತೆ ವಾದೀಶನದು, ಅಂದರೆ ನನ್ನ ಷಡ್ಡಕನದು. ಕಾರಿನ ಖಾತೆ ನನ್ನದು. ನನ್ನ ಹೆಸರು ದಿವಾಕರ. ಆದರೆ ಆ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ಚಿಕ್ಕ ಮಾಪಿಳ್ಳೆ, ವಂಡಿ ತೆಗೀರಿ" ಅನ್ನುತ್ತಾರೆ. ಮಾಪಿಳ್ಳೆ ಎಂದರೆ ಅಳಿಯ, ವಂಡಿ ಎಂದರೆ ಗಾಡಿ. ತಲೆಮಾರುಗಳಿಂದ ಕೊಯಮತ್ತೂರಿನಲ್ಲೇ ಬೇರೂರಿದ ಕನ್ನಡದವರು ನಾವು. ನಮ್ಮ ಕನ್ನಡದ ಮೈಮೇಲಿನ ಅರ್ಧ ಒಡವೆ ತಮಿಳಿನವರು ಹಾಕಿದ್ದು.

ವಾದೀಶ ಒಂದು ಪಂಪ್ ಕಂಪನಿಯಲ್ಲಿ ಪರ್ಚೇಸ್ ಮ್ಯಾನೇಜರ್. ದಿನವಿಡೀ ಬೋಲ್ಟು, ಬೇರಿಂಗು, ತಾಮ್ರದ ತಂತಿ ಕೊಳ್ಳುವ ಮನುಷ್ಯ. ಆದ್ದರಿಂದ ಲೋಕದಲ್ಲಿ ಕೊಳ್ಳಬಹುದಾದ ಯಾವ ವಸ್ತುವಿನ ಬಗ್ಗೆಯಾದರೂ ಕೊನೆಯ ಮಾತು ತನ್ನದೇ ಎಂದು ತಿಳಿದವನು. ಮಗ ಸಮೀರ್ ಚಿಪ್ ವಿನ್ಯಾಸ ಮಾಡುವ ಒಂದು ಕಂಪನಿಗೆ ಸೇರಿದ ಮೇಲಂತೂ ಮೊದಲೇ ಮರ್ಕಟ, ಅದರ ಮೇಲೆ ಹೆಂಡ ಕುಡಿಸಿದ ಹಾಗಾಯಿತು. "ನಮ್ಮ ಸಮೀರ್ ಚಿಪ್ ಕಂಪನೀಲಿದಾನೆ" ಎಂಬ ಮಾತನ್ನು ವಾದೀಶ ಎಷ್ಟು ಸಲ ಹೇಳಿದ್ದನೆಂದರೆ, ಹುಡುಗ ದಿನಾ ಬೆಳಿಗ್ಗೆ ಚಿಪ್ಪುಗಳನ್ನು ಹಪ್ಪಳದ ಹಾಗೆ ಲಟ್ಟಿಸಿ ತಾರಸಿಯ ಮೇಲೆ ಒಣಹಾಕುತ್ತಾನೆ ಎಂದೇ ಬೀದಿಯವರು ನಂಬಿದ್ದರು. ನಿಜವಾಗಿ ಸಮೀರ್ ಇದ್ದದ್ದು ನೌಕರರ ಬಸ್ಸು ಯಾವ ಬೀದಿಗೆ ಯಾವ ಹೊತ್ತಿಗೆ ಹೋಗಬೇಕೆಂದು ನೋಡಿಕೊಳ್ಳುವ ವಿಭಾಗದಲ್ಲಿ. ಚಿಪ್ಪಿನ ವಿಷಯ ಅವನಿಗೆ ಗೊತ್ತಿದ್ದದ್ದು ಲಿಫ್ಟಿನಲ್ಲಿ ಎಂಜಿನಿಯರುಗಳು ಆಡುವಷ್ಟು. ಅದನ್ನು ಅವನು ಅಪ್ಪನಿಗೆ ಹೇಳುತ್ತಿದ್ದ, ಅಪ್ಪ ಅದನ್ನು ಊರಿಗೆ ಹೇಳುತ್ತಿದ್ದ.

ಇನ್ನು ಅತ್ತೆ ಪಂಕಜಂ. ಅವರದು ಹಳೆಯ ಸಂಪ್ರದಾಯ: ಅಳಿಯನ ಮುಂದೆ ನಿಂತು ನೇರವಾಗಿ ಮಾತಾಡುವಂತಿಲ್ಲ, ಅವನ ಮಾತಿಗೆ ಎದುರಾಡುವುದಂತೂ ಕನಸಿನಲ್ಲೂ ಇಲ್ಲ. ಹೇಳಬೇಕಾದದ್ದನ್ನು ಅಡುಗೆಮನೆಯ ಬಾಗಿಲ ಮರೆಯಿಂದ ಮಗಳಿಗೆ ಹೇಳಬೇಕು. ಮಗಳು ಹತ್ತಿರವಿಲ್ಲದಿದ್ದರೆ ತುಳಸಿಗಿಡಕ್ಕೋ ಗ್ಯಾಸ್ ಒಲೆಗೋ ಹೇಳುತ್ತಾರೆ, ಅಳಿಯ ಅಲ್ಲಿಂದ ಎತ್ತಿಕೊಳ್ಳಬೇಕು. ವಾದೀಶ ಅವರ ಹಿರಿಯ ಮಗಳು ಭಾಮಾಳನ್ನು ಮದುವೆಯಾಗಿ ಮೂವತ್ತು ವರ್ಷ ಕಳೆದಿದ್ದರೂ ಅತ್ತೆ ಅವನ ಜೊತೆ ಒಂದು ಮಾತೂ ನೇರವಾಗಿ ಆಡಿದವರಲ್ಲ. ತನ್ನ ಮೇಲೆ ಅಷ್ಟೊಂದು ಗೌರವ ಎಂದು ಅವನು ಹಿಗ್ಗಿಕೊಂಡಿದ್ದ.

ಆಡಿ, ಅಂದರೆ ಆಷಾಢ, ಮಾಸದ ಒಂದು ಶುಕ್ರವಾರ ಬಾಗಿಲು ತೊಳೆಯುವಾಗ ಅತ್ತೆ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಕೈ ಮಡಚಲು ಬಾರದು. ವ್ಯಾಯಾಮ ಮಾಡಿಸುವ ಪದ್ಮಪ್ರಿಯಾ ಎಂಬ ಫಿಸಿಯೋಥೆರಪಿಸ್ಟ್ ಹತ್ತಿರ ದಿನಾ ಕರೆದುಕೊಂಡು ಹೋಗುವ ಕೆಲಸ, ಹೇಳಬೇಕಾಗಿಲ್ಲ, ಕಾರಿನ ಖಾತೆಗೆ ಬಂತು. ಆ ಹುಡುಗಿ ಕ್ಲಿನಿಕ್ಕಿನಲ್ಲಿ ಟಿವಿಗೆ ಒಂದು ಆಟದ ಪೆಟ್ಟಿಗೆ ಜೋಡಿಸಿ ಇಟ್ಟಿದ್ದಳು. ಕೈಯಲ್ಲಿ ಒಂದು ತುಂಡು ಕೋಲು ಹಿಡಿದು ಬೀಸಿದರೆ ಟಿವಿಯೊಳಗಿನ ಗೊಂಬೆ ಟೆನಿಸ್ ಆಡುತ್ತದೆ. ಮುದುಕರ ಕೈ ಅವರಿಗೇ ತಿಳಿಯದ ಹಾಗೆ ಮಡಚಿ ಬಿಡಿಸಿಕೊಳ್ಳಲಿ ಎಂದು ಮಾಡಿದ ಉಪಾಯ.

ಮೊದಲು ಅತ್ತೆ ಆ ಕೋಲನ್ನು ಮುಟ್ಟಲಿಲ್ಲ. ಆಮೇಲೆ ಮಡಿಯಿಲ್ಲದ ವಸ್ತುವನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದರು. ವಾರ ಕಳೆಯುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ನೋವಿಗೆ ಬರುತ್ತಿದ್ದ ಒಬ್ಬ ನಿವೃತ್ತ ತಹಸೀಲ್ದಾರರನ್ನು ಸೋಲಿಸಿ ಮಣ್ಣು ಮುಕ್ಕಿಸಿದರು. ತಹಸೀಲ್ದಾರರು ಮರುದಿನದಿಂದ ಬೇರೆ ಹೊತ್ತಿಗೆ ಬರತೊಡಗಿದರು.

ಚಿಕಿತ್ಸೆ ಮುಗಿದ ದಿನ ಕಾರಿನಲ್ಲಿ ಬರುವಾಗ ಅತ್ತೆ ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಆಂಜನೇಯನ ಜೊತೆ ಮಾತಾಡಿದರು.

"ಆಂಜನೇಯಾ, ಆ ಪೆಟ್ಟಿಗೆ ಒಂದು ನಮ್ಮ ಮನೇಗೂ ವಾಂಗಬೇಕಪ್ಪಾ. ನನ್ನ ಸೇವಿಂಗ್ಸ್ ದುಡ್ಡಲ್ಲೇ ವಾಂಗ್ತೀನಿ. ಆದ್ರೆ ನಾನು ಆಡಕ್ಕೆ ಅಂತ ಯಾರ ಹತ್ರಾನೂ ಹೇಳ್ಬೇಡ. ಎಪ್ಪತ್ತು ದಾಟಿದ ಕಿಳವಿ ಆಟ ಆಡ್ತಾಳೆ ಅಂತ ಊರು ನಗುತ್ತೆ. ಯಾರ ಕಿವೀಗಾದ್ರೂ ಇದು ಬಿದ್ದಿದ್ರೆ ಅವರ ಬಾಯಿಂದಾನೂ ಬರಬಾರದು."

ಕಾರಿನಲ್ಲಿ ಕಿವಿ ಇದ್ದದ್ದು ನನಗೂ ಆಂಜನೇಯನಿಗೂ ಮಾತ್ರ. ಇಬ್ಬರೂ ಒಪ್ಪಿಕೊಂಡೆವು.

ಆದರೆ ಹಿರಿಯ ಅಳಿಯನನ್ನು ಕೇಳದೆ ಆ ಮನೆಗೆ ಮಿಕ್ಸಿಯ ವಾಷರ್ ಕೂಡ ಬರುವಂತಿಲ್ಲ. ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಬಾಗಿಲ ಮರೆಯಿಂದ ಮಾತು ಬಂತು.

"ಭಾಮಾ, ಟಿವೀಲಿ ಆಡ್ತಾರಲ್ಲ, ಆ ಆಟದ ಪೆಟ್ಟಿಗೆ, ಅದೊಂದು ವಾಂಗೋಣ ಅಂತಿದೀನಿ. ಯಾವುದು ಒಳ್ಳೇದು ಅಂತ ನಿಮ್ಮೋರನ್ನ ಕೇಳು."

ವಾದೀಶನ ಕೈಯಲ್ಲಿದ್ದ ಸಾರನ್ನದ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ತೈ ಮಾಸದಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅವನಿಗೆ ಅರವತ್ತು ತುಂಬುತ್ತಿತ್ತು. ಅರವತ್ತರ ಶಾಂತಿಗೆ ಹೆಂಡತಿಯ ತವರಿನಿಂದ ಸೀರು, ಅಂದರೆ ಉಡುಗೊರೆ, ಬರಲೇಬೇಕು. ಗಣೇಶನ ಹಬ್ಬದಲ್ಲಿ ಯಾರೋ ಹುಡುಗರು ಟಿವಿಯಲ್ಲಿ ಇಂಥದೇ ಪೆಟ್ಟಿಗೆಯಿಂದ ಕಾರ್ ರೇಸ್ ಆಡುವುದನ್ನು ನೋಡಿ "ಇದು ಚೆನ್ನಾಗಿದೆಯಲ್ಲ" ಎಂದು ಅವನು ಅಂದದ್ದೂ ಉಂಟು. ಎರಡನ್ನೂ ಕೂಡಿಸಿದ, ಮೊತ್ತ ಕಣ್ಣಿಗೆ ಕಟ್ಟಿತು.

ಕೈ ತೊಳೆಯುವಾಗ ನನ್ನ ಕಿವಿಯಲ್ಲಿ ಹೇಳಿದ: "ದಿವಾಕರ್, ಅತ್ತೆ ಮನಸ್ಸು ನೋಡಿದ್ರಾ. ಬಾಯಿ ಬಿಟ್ಟು ಕೇಳಲಿಲ್ಲ ನಾನು. ಅವರಾಗೇ ಕಂಡುಹಿಡಿದ್ರು. ನನ್ನ ಅರವತ್ತಕ್ಕೆ."

ನಾನು ಬಾಯಿ ಮುಕ್ಕಳಿಸಿದೆ. ಆಂಜನೇಯನ ಸಾಕ್ಷಿಯಾಗಿ ಬಾಯಿಗೆ ಬೇರೆ ಕೆಲಸ ಇರಲಿಲ್ಲ.

ಸುಮ್ಮನೆ ಸಿಗುವ ವಸ್ತು ಎಂದ ಮೇಲೆ ಮನುಷ್ಯನಿಗೆ ಉತ್ತಮವಾದದ್ದೇ ಬೇಕು. ವಾದೀಶ ಹಾಲಿಗೆ ಬಂದು ನಡುವಿನ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟ.

"ಭಾಮಾ, ನಿಮ್ಮ ಅಮ್ಮಂಗೆ ಹೇಳು. ಇಪ್ಪೋ ಬೇಡ. ಈಗ ಬರ್ತಿರೋ ಪೆಟ್ಟಿಗೆ ಒಳಗೆ ಹಳೇ ಚಿಪ್ಪು. ಅದರೊಳಗಿನ ಗೆರೆ ಆರೋ ಐದೋ ನ್ಯಾನೋಮೀಟರು. ಇನ್ನು ಬರೋದು ಎರಡು. ಗೆರೆ ಸಣ್ಣ ಆದ್ರೆ ಕರೆಂಟ್ ಕಮ್ಮಿ, ಕರೆಂಟ್ ಕಮ್ಮಿ ಆದ್ರೆ ಬಿಸಿ ಕಮ್ಮಿ, ಬಿಸಿ ಕಮ್ಮಿ ಆದ್ರೆ ದೊಡ್ಡ ಫ್ಯಾನ್ ಬೇಡ. ಪೆಟ್ಟಿಗೆ ಇಷ್ಟೇ ಇಷ್ಟು ಆಗುತ್ತೆ. ನಮ್ಮೂರ ಗ್ರೈಂಡರೇ ನೋಡಿ. ಮೊದಲು ಅದನ್ನ ಎತ್ತಕ್ಕೆ ನಾಲ್ಕು ಆಳು ಬೇಕಾಗಿತ್ತು. ಈಗ ಮೇಜಿನ ಮೇಲೆ ಕೂತಿದೆ. ದೋಸೆ ಹಿಟ್ಟು ಅದೇ."

"ನ್ಯಾನೋಮೀಟರ್ ಅಂದ್ರೆ ಎಷ್ಟು?" ಎಂದು ಮಾವ ಕೇಳಿದರು.

"ಮಾವಾ, ಒಂದು ಕೂದಲು ತೊಗೊಳ್ಳಿ. ಅದನ್ನ ಉದ್ದಕ್ಕೆ ಲಕ್ಷ ಪಾಲು ಆಗೋ ಹಾಗೆ ಸೀಳಿ."

ಮಾವ ತಮ್ಮ ತಲೆಯನ್ನು ಸವರಿ ನೋಡಿಕೊಂಡರು. ಅಲ್ಲಿ ಅಂಥ ಪ್ರಯೋಗಕ್ಕೆ ಸಾಮಗ್ರಿ ಉಳಿದಿರಲಿಲ್ಲ. "ಮಾಪಿಳ್ಳೆ ಹೇಳಿದ್ಮೇಲೆ ಮುಗೀತು" ಎಂದು ಪೇಪರ್ ಎತ್ತಿಕೊಂಡರು.

ವಾದೀಶನ ತೊಂದರೆ ಇದೇ. ಅವನು ಹೇಳಿದ್ದು ಸುಳ್ಳಲ್ಲ. ಗೆರೆ, ಕರೆಂಟು, ಬಿಸಿ, ಫ್ಯಾನು, ಎಲ್ಲವೂ ಸರಿ. ಸರಿಯಾದ ಬಸ್ಸು ಹತ್ತಿ, ಸರಿಯಾದ ಟಿಕೆಟು ತೆಗೆದುಕೊಂಡು, ಇಳಿಯುವ ಜಾಗ ಮಾತ್ರ ತಪ್ಪುವ ಜನ ಇರುತ್ತಾರಲ್ಲ, ಅಂಥವನು. ಅವನ ಪಂಪ್ ಕಂಪನಿಯಲ್ಲೇ ಒಳಗಿನ ಮೋಟಾರು ಹಲವು ಸಲ ಚಿಕ್ಕದಾಗಿದೆ. ಹೊರಗಿನ ಕವಚ ಮಾತ್ರ ಅಂದು ಇದ್ದದ್ದೇ ಇಂದಿಗೂ, ಯಾಕೆಂದರೆ ಹೊಸ ಅಚ್ಚು ಮಾಡಿಸುವ ಖರ್ಚು ಯಾವ ಮುದಲಾಳಿಗೂ, ಅಂದರೆ ಮಾಲೀಕನಿಗೂ, ಬೇಡ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಪರ್ಚೇಸ್ ಮ್ಯಾನೇಜರೇ. ಆದರೆ ಅವನು ಆ ಬುದ್ಧಿಯನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದ.

ಅಡುಗೆಮನೆಯಿಂದ ಸೌಟು ಬಿದ್ದ ಸದ್ದಾಯಿತು. ಅಷ್ಟೇ ಅತ್ತೆಯ ಉತ್ತರ.

ದೀಪಾವಳಿ ಬಂತು. ಹಬ್ಬದ ನೆವ ಮಾಡಿ ಅತ್ತೆ ನನ್ನ ಹೆಂಡತಿ ಗೋಪಿಕಾಳನ್ನು ಜೊತೆಮಾಡಿಕೊಂಡು ಕ್ರಾಸ್ ಕಟ್ ರೋಡಿಗೆ ಹೊರಟರು. "ಚುಮ್ಮಾ ನೋಡ್ಕೊಂಡು ಬರೋಣ" ಎಂದರು, ಆಂಜನೇಯನಿಗೆ. ರಾಜೇಂದ್ರನ್ ಎಂಬವರ ಅಂಗಡಿಯಲ್ಲಿ ಪೆಟ್ಟಿಗೆ ಇತ್ತು. ಅತ್ತೆ ಅದರ ಮುಂದೆ ನಿಂತರು, ಗರ್ಭಗುಡಿಯ ಮುಂದೆ ನಿಂತ ಹಾಗೆ. ಕೈಚೀಲದ ಜಿಪ್ ಎಳೆದರು. ಅಷ್ಟು ಹೊತ್ತಿಗೆ ಗೋಪಿಕಾಳ ಫೋನಿನಿಂದ ಭಾಮಾಳಿಗೆ, ಭಾಮಾಳಿಂದ ವಾದೀಶನಿಗೆ ಸುದ್ದಿ ಮುಟ್ಟಿ, ಅವನು ಸ್ಕೂಟರಿನಲ್ಲಿ ಬೆವರುತ್ತ ಬಂದಿಳಿದ. ತನ್ನ ಸೀರಿಗೆ ಅತ್ತೆ ಹಳೇ ಮಾಲು ಕೊಂಡುಬಿಟ್ಟರೆ ಗತಿಯೇನು?

ಅವನು ಅಂಗಡಿಯ ಹುಡುಗನನ್ನು ಹಿಡಿದುಕೊಂಡ. "ತಂಬಿ, ಇದರಲ್ಲಿ ಎಷ್ಟು ನ್ಯಾನೋಮೀಟರ್?"

"ಸಾರ್, ಒರು ವರ್ಷಂ ವಾರಂಟಿ."

"ವಾರಂಟಿ ಅಲ್ಲಪ್ಪಾ, ನ್ಯಾನೋಮೀಟರ್."

"ಅದು ಬಾಕ್ಸ್ ಒಳಗೇ ಬರುತ್ತೆ ಸಾರ್," ಎಂದ ಹುಡುಗ. ಅವನಿಗೂ ಕನ್ನಡ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ವಾದೀಶ ಧ್ವನಿ ಏರಿಸಿ ಅಂಗಡಿಯಲ್ಲಿದ್ದ ಎಲ್ಲರಿಗೂ ಗೆರೆ, ಕರೆಂಟು, ಬಿಸಿಯ ಪಾಠ ಮಾಡಿದ. ಮೊಮ್ಮಗನಿಗೆ ಪೆಟ್ಟಿಗೆ ಕೊಳ್ಳಲು ಬಂದಿದ್ದ ಒಬ್ಬರು ಹಿಂದೆ ಸರಿದರು. ಟಿವಿ ನೋಡುತ್ತಿದ್ದ ಗಂಡಹೆಂಡತಿ, ಟಿವಿಯಲ್ಲೂ ಚಿಪ್ಪಿರುತ್ತದಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟೇಹೋದರು. ದೀಪಾವಳಿಯ ವ್ಯಾಪಾರ ಕಣ್ಣೆದುರೇ ಮೆಟ್ಟಿಲಿಳಿದು ಹೋಗುವುದನ್ನು ನೋಡಿ ರಾಜೇಂದ್ರನ್ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಕೈಮುಗಿದು, "ಸಾರ್, ಪಕ್ಕದ ಕಡೇಲಿ ನಲ್ಲ ಕಾಫಿ ಸಿಗುತ್ತೆ. ನನ್ನ ಲೆಕ್ಕದಲ್ಲಿ ಕುಡೀರಿ. ಅಲ್ಲೇ ಕುಡೀರಿ" ಎಂದರು.

ಅತ್ತೆ ಕೈಚೀಲದ ಜಿಪ್ ಮುಚ್ಚಿಕೊಂಡರು. ಅಳಿಯ ಬೇಡ ಎಂದ ಮೇಲೆ ಬೇಡ. ಕಾರಿನಲ್ಲಿ ಬರುವಾಗ ಆಂಜನೇಯನ ಜೊತೆಗೂ ಮಾತಿಲ್ಲ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಆಗ ನನಗೆ ನಿಜವಾಗಿಯೂ ಬೇಜಾರಾಯಿತು. ಐವತ್ತು ವರ್ಷ ಹಿಟ್ಟು ಕಲಸಿ, ಚಪಾತಿ ಲಟ್ಟಿಸಿ, ಒಗ್ಗರಣೆ ಹಾಕಿದ ಕೈ ಅದು. ಮೊದಲ ಸಲ ಅದು ಆಟಕ್ಕೆಂದು ಏನೋ ಕೇಳಿತು, ಅದಕ್ಕೆ ನ್ಯಾನೋಮೀಟರಿನ ಅಡ್ಡಿ.

ಇತ್ತ ವಾದೀಶನ ಕೀರ್ತಿ ಹಬ್ಬತೊಡಗಿತು. ಎದುರುಮನೆಯ ಸಾಮಿಯಾತಾಳ್ ಫ್ರಿಡ್ಜ್ ಕೊಳ್ಳುವುದನ್ನು ಮುಂದಕ್ಕೆ ಹಾಕಿದಳು. "ಅದರಲ್ಲೂ ಚಿಪ್ಪು ಉಂಟಾಮೆ" ಎಂದಳು. ಅವಳ ಮನೆಯ ಮೊಸರು ದಿನಾ ಹುಳಿಯಾಗಿ, ಅತ್ತೆಯ ಮನೆಗೆ ದಿನಾ ಮೊಸರು ಸಾಲ ಕೇಳಲು ಬರತೊಡಗಿದಳು. ಯಾರು ಏನು ಕೊಳ್ಳುವುದಿದ್ದರೂ ರಾಹುಕಾಲ ನೋಡುವ ಮೊದಲು ವಾದೀಶನನ್ನು ನೋಡುವುದು ವಾಡಿಕೆಯಾಯಿತು. ರಾಹುಕಾಲವಾದರೋ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ವಾದೀಶನ ಕಾಲಕ್ಕೆ ಮುಗಿತಾಯವಿರಲಿಲ್ಲ.

ಸುದ್ದಿ ತಿರುಪ್ಪೂರಿನವರೆಗೂ ಹೋಯಿತು. ಅಲ್ಲಿ ಮೋಹನ್ ರಾಜ್ ಎಂಬವನು ಬನಿಯನ್ ಬಟ್ಟೆಯ ಯೂನಿಟ್ ನಡೆಸುತ್ತಾನೆ. ಕಾರಮಡೈ ಕಡೆ ಬಾಳೆ ಬೆಳೆಯುವ ಬೆಳ್ಳಿಯಪ್ಪನ ಮಗ, ನಮ್ಮ ಹಾಗೇ ಕನ್ನಡದ ಮನೆ, ಮಾವನಿಗೆ ಹಳೆಯ ಪರಿಚಯ. ಟಿವಿ ಪಕ್ಕದಲ್ಲಿಡುವ ಪೆಟ್ಟಿಗೆಗಳಿಗೆ ಧೂಳು ಕೂರದ ಹಾಗೆ ಬಟ್ಟೆಯ ಕವರ್ ಹೊಲಿದು ಮಾರುವ ಯೋಚನೆ ಅವನಿಗೆ ಬಂದಿತ್ತು. ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದ.

"ಅಣ್ಣಾ, ಹೊಸಾ ಪೆಟ್ಗೆ ಎಷ್ಟು ಸೈಜು ಬತ್ತದೆ ಅಂತ ಮುಂಚೇನೇ ಗೊತ್ತಾದ್ರೆ, ಮಾಲು ಬರೋ ದಿವಸ ಕವರು ರೆಡಿ ಇರ್ತದೆ. ಬೇರೆ ಯಾರತ್ರಾನೂ ಇರಲ್ಲ. ನಿಮ್ಮ ಮಗ ಚಿಪ್ ಕಂಪನೀಲೇ ಅವ್ನಂತಲ್ಲ."

ವಾದೀಶ ಕಣ್ಣು ಮುಚ್ಚಿದ. ಆರು ನ್ಯಾನೋಮೀಟರ್ ಎರಡಾದರೆ ಮೂರರಲ್ಲಿ ಒಂದು ಪಾಲು. ಹಾಗಾದರೆ ಪೆಟ್ಟಿಗೆಯೂ ಮೂರರಲ್ಲಿ ಒಂದು ಪಾಲು. ಇಷ್ಟು ಸರಳವಾದ ಲೆಕ್ಕ ಆ ವಿದೇಶಿ ಕಂಪನಿಗಳಿಗೆ ಹೊಳೆಯದೆ ಇರುತ್ತದೆಯೇ? ಸುತ್ತಲೂ ಕಣ್ಣಾಡಿಸಿ ಅಡುಗೆಮನೆಯ ತಿಂಡಿಡಬ್ಬಿಯೊಂದನ್ನು ತೋರಿಸಿದ. "ಇದರ ಸೈಜು. ಒಂದು ಬೆರಳು ಹೆಚ್ಚು ಕಮ್ಮಿ."

ಮೋಹನ್ ರಾಜ್ ಭಕ್ತಿಯಿಂದ ಡಬ್ಬಿಯ ಅಳತೆ ತೆಗೆದುಕೊಂಡ. ಒಳಗಿದ್ದ ಕೋಡುಬಳೆಯನ್ನೂ ಎರಡು ತಿಂದ. ಬಾಗಿಲ ಮರೆಯಲ್ಲಿ ಅತ್ತೆಯ ಬಳೆಗಳು ಜೋರಾಗಿ ಸದ್ದು ಮಾಡಿದವು. ಅದು ಭಾಷೆಯೋ ಬರೀ ಸದ್ದೋ ಎಂದು ಯಾರೂ ಕೇಳಲಿಲ್ಲ.

ಅಳಿಯನನ್ನು ಎದುರಾಡುವಂತಿಲ್ಲ, ಆಟವನ್ನು ಬಿಡುವಂತಿಲ್ಲ. ಅತ್ತೆ ತಮ್ಮದೇ ದಾರಿ ಹುಡುಕಿಕೊಂಡರು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು "ಕೈ ವಲಿ" ಎಂದರು. ವಲಿ ಎಂದರೆ ನೋವು. ವಲಿ ಎಂದ ಮೇಲೆ ಕ್ಲಿನಿಕ್, ಕ್ಲಿನಿಕ್ ಎಂದ ಮೇಲೆ ಟೆನಿಸ್. ವಾರದಲ್ಲಿ ಎರಡು ಸಲ ಬರುತ್ತಿದ್ದ ವಲಿ ಕಾರ್ತಿಗೈ ಮುಗಿಯುವಷ್ಟರಲ್ಲಿ ದಿನಾ ಬರತೊಡಗಿತು. ಭಾನುವಾರ ಕ್ಲಿನಿಕ್ಕಿಗೆ ರಜೆ, ಅಂದು ವಲಿಗೂ ರಜೆ. ನನ್ನ ಆಫೀಸಿಗೆ ನಾನು ತಡವಾಗಿ ಹೋಗುವುದೂ ವಾಡಿಕೆಯಾಯಿತು. ಪದ್ಮಪ್ರಿಯಾ ಪಾಪ ತಲೆ ಕೆರೆದುಕೊಂಡಳು. ಟಿವಿಯ ಮುಂದೆ ನಿಂತಾಗ ಆ ಕೈ ಸಿಡಿಲಿನ ಹಾಗೆ ಹೊಡೆಯುತ್ತದೆ, ಕುರ್ಚಿಯಲ್ಲಿ ಕೂತಾಗ ಒಂದು ಲೋಟ ಎತ್ತುವುದಿಲ್ಲ. ಅವಳ ಪುಸ್ತಕದಲ್ಲಿ ಅಂಥ ಕೈ ಇರಲಿಲ್ಲ. "ಯಾವುದಕ್ಕೂ ಒಂದ್ಸಲ ಎಲುಬು ಡಾಕ್ಟರಿಗೆ ತೋರಿಸಿಬಿಡಿ" ಎಂದಳು.

ಮನೆಯಲ್ಲಿ ಬಾಂಬು ಬಿದ್ದ ಹಾಗಾಯಿತು. ಭಾಮಾ ಅತ್ತಳು. ಗೋಪಿಕಾ ಅಕ್ಕ ಅಳುತ್ತಿದ್ದಾಳೆಂದು ಅತ್ತಳು. ಸಾಮಿಯಾತಾಳ್ ಮೊಸರಿನ ಪಾತ್ರೆ ಹಿಡಿದುಕೊಂಡೇ ಬಂದು, ತನ್ನ ಚಿಕ್ಕಮ್ಮನಿಗೂ ಹೀಗೇ ಮಣಿಕಟ್ಟಿನಲ್ಲಿ ಶುರುವಾಗಿ ಆಮೇಲೆ ಎಲ್ಲೆಲ್ಲಿಗೋ ಹೋದದ್ದನ್ನು ವಿವರವಾಗಿ ಹೇಳಿದಳು. ಇಲ್ಲಿ ವಾದೀಶನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವನು ಎಲ್ಲ ಕೆಲಸ ಬಿಟ್ಟು ಓಡಾಡಿದ. ಅವಿನಾಶಿ ರೋಡಿನ ದೊಡ್ಡ ಎಲುಬು ಡಾಕ್ಟರೊಬ್ಬರ ಹತ್ತಿರ ಸಮಯ ಹಿಡಿದ. ರಜೆ ಹಾಕಿದ. ಅತ್ತೆಯ ಮೇಲೆ ಅವನಿಗೆ ಪ್ರೀತಿ ಇದ್ದದ್ದು ಸುಳ್ಳಲ್ಲ, ಕುತ್ತಿಗೆಯ ಮೇಲಿನ ಭಾಗ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ.

ಹೀಗೆ ಮಾರ್ಗಳಿ ತಿಂಗಳ ಒಂದು ಚಳಿಯ ಬೆಳಿಗ್ಗೆ ಡಾಕ್ಟರ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಮಾವ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ಮೂಲೆಯಲ್ಲಿ ಪಾಠ ಹೇಳಲು ನೇತುಹಾಕಿದ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ. ಡಾಕ್ಟರು ಮಣಿಕಟ್ಟನ್ನು ಒತ್ತಿ ಕೇಳಿದರು, "ಇಲ್ಲಿ ವಲಿಯಾ ಅಮ್ಮಾ?" ಅತ್ತೆ ಹೌದೆಂದರು. "ಇಲ್ಲಿ?" ಅಲ್ಲೂ ಹೌದು. ಮೊಣಕೈ ಒತ್ತಿದರು, ಅಲ್ಲೂ ಹೌದು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಮ್ಮೆ ಶುರುಮಾಡಿದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. "ಫೋಟೋದಲ್ಲಿ ಕೂಡಿದ ಹಾಗೇ ಕಾಣುತ್ತೆ. ಆದ್ರೆ ಇಷ್ಟು ದಿನ ಆಗಿಯೂ ಇವರಿಗೆ ಇಷ್ಟು ನೋವು ಅಂದ್ರೆ ಅಡ್ಮಿಟ್ ಮಾಡಿ, ಇನ್ನೂ ಒಂದೆರಡು ಪರೀಕ್ಷೆ ಮಾಡೋಣ. ಅಗತ್ಯ ಬಿದ್ದರೆ ಕೊಯ್ದು ನೋಡಿ ಒಂದು ಲೋಹದ ಪ್ಲೇಟ್ ಹಾಕಬೇಕಾಗಬಹುದು."

ವಾದೀಶನ ಹಳೆಯ ರೋಗ ಮರುಕಳಿಸಿತು. "ಡಾಕ್ಟರ್, ಪ್ಲೇಟಲ್ಲಿ ಪುದುಸು, ಹೊಸಾ ಮಾಡೆಲ್ ಏನಾದ್ರೂ ಬರ್ತಿದೆಯಾ? ಸ್ವಲ್ಪ ಕಾದ್ರೆ ಇನ್ನೂ ತೆಳು, ಇನ್ನೂ ಹಗುರ..."

ಡಾಕ್ಟರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಆ ನೋಟಕ್ಕೆ ಅವನು ತಕ್ಷಣ ದಾರಿಗೆ ಬಂದ. "ಇಲ್ಲ ಇಲ್ಲ. ಕೈ ವಿಷಯ. ಕಾಯೋದು ಬೇಡ. ಇವತ್ತೇ ಅಡ್ಮಿಟ್ ಮಾಡಿಬಿಡೋಣ."

"ಮಾಪಿಳ್ಳೆ ಹೇಳಿದ್ಮೇಲೆ..." ಎಂದು ಮಾವ ಶುರುಮಾಡಿದರು.

ಗಟ್ಟಿಮುಟ್ಟಾದ ಕೈಯನ್ನು, ಒಬ್ಬ ತಹಸೀಲ್ದಾರರನ್ನು ಮಣಿಸಿದ ಕೈಯನ್ನು, ಕೊಯ್ದು ನೋಡುವ ಮಾತು ಬಂದಿದೆ. ನಾನು ಬಾಯಿ ತೆರೆದೆ. ಗೋಪಿಕಾ ಕಾಲು ತುಳಿದಳು. ಭಾವ ಮಾತಾಡುವಾಗ ನೀವು ನಡುವೆ ಬಾಯಿ ಹಾಕಬೇಡಿ ಎಂದು ಅದರ ಅರ್ಥ.

ಅತ್ತೆ ಸುತ್ತಲೂ ನೋಡಿದರು. ಮರೆಯಲ್ಲಿ ನಿಲ್ಲಲು ಬಾಗಿಲಿಲ್ಲ, ತುಳಸಿಯಿಲ್ಲ, ಒಲೆಯಿಲ್ಲ. ಹೆಣ್ಣುಮಕ್ಕಳಿಬ್ಬರೂ ಅಳುತ್ತಿದ್ದಾರೆ. ಕೊನೆಗೆ ಮೂಲೆಯ ಅಸ್ಥಿಪಂಜರದ ಕಡೆ ತಿರುಗಿ, "ಅಪ್ಪಾ, ದೊಡ್ಡ ಮಾಪಿಳ್ಳೆ ಹತ್ರ ಹೇಳು, ನನಗೆ ವಲಿ ಇಲ್ಲ" ಎಂದರು.

ಅಸ್ಥಿಪಂಜರ ಹೇಳಲಿಲ್ಲ. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟರು.

"ಅಮ್ಮಾ, ಏನಂದೆ?" ಎಂದಳು ಭಾಮಾ.

ಅತ್ತೆ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, ಟೆನಿಸ್ಸಿಗೆ ಸಿಕ್ಕಿಸುವ ಹಾಗೆಯೇ. ವಾದೀಶನ ಮುಖವನ್ನು ನೇರವಾಗಿ ನೋಡಿ, ಒಂದೊಂದೇ ಮಾತನ್ನು ಆರಿಸಿ ಇಟ್ಟರು.

"ಮಾಪಿಳ್ಳೆ, ಆ ಆಟದ ಪೆಟ್ಟಿಗೆ ನನಗೆ. ನಾನು ಆಡಕ್ಕೆ. ನನಗೆ ವಲಿ ಇಲ್ಲ, ಅಲ್ಲಿ ಹೋಗಿ ಆಡಬೇಕು ಅಂತ ಸುಳ್ಳು ಹೇಳ್ದೆ. ಹೊಸದು ಬರುತ್ತೆ, ಸಣ್ಣದು ಬರುತ್ತೆ, ಕಾಯಿರಿ ಅಂತೀರಿ. ನಿಮ್ಮ ಚಿಪ್ಪು ವರ್ಷಾ ವರ್ಷಾ ಸಣ್ಣದಾಗ್ಲಿ, ಸಂತೋಷ. ನನ್ನ ವಯಸ್ಸು ಸಣ್ಣದಾಗುತ್ತಾ? ಈ ಕೈ ಈಗ ಬೀಸುತ್ತೆ. ಎರಡು ವರ್ಷ ಬಿಟ್ಟು ಪೆಟ್ಟಿಗೆ ಎಷ್ಟು ಸಣ್ಣದಾಗಿ ಬಂದ್ರೂ ಈ ಕೈ ಬೀಸುತ್ತೆ ಅಂತ ನೀವು ಕಾಗದದ ಮೇಲೆ ಎಳುದಿ ಕೊಡ್ತೀರಾ?"

ಮಾವ ಹೆಂಡತಿಯನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದರು. ವಾದೀಶನ ಮುಖದಲ್ಲಿ ಬಣ್ಣಗಳು ಬಂದು ಹೋದವು. ಅವನ ಬಾಯಿಂದ, ತಡೆಯುವಷ್ಟರಲ್ಲಿ ಜಾರಿ, ಒಂದು ಮಾತು ಬಂತು.

"ಹಾಗಾದ್ರೆ ನನ್ನ ಸೀರು?"

"ನಿಮಗೆ ಬೆಳ್ಳಿ ಪಂಚಪಾತ್ರೆ ಆವಾಗಲೇ ವಾಂಗಿ ಇಟ್ಟಾಯ್ತು," ಎಂದರು ಅತ್ತೆ. "ಅದರಲ್ಲಿ ಚಿಪ್ಪಿಲ್ಲ. ಕಾಯೋದು ಬೇಕಾಗಿಲ್ಲ."

ಡಾಕ್ಟರು ಕೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅವರ ಅತ್ತೆಯೂ ಬಾಗಿಲ ಮರೆಯವರೇ ಇರಬೇಕು.

ಆ ಸಂಜೆ ವಾದೀಶ ತಾನೇ ಕ್ರಾಸ್ ಕಟ್ ರೋಡಿಗೆ ಹೋದ. ಕಾರು ನನ್ನದೇ. ಅವನನ್ನು ದೂರದಿಂದ ಕಂಡ ರಾಜೇಂದ್ರನ್ ಹುಡುಗನನ್ನು ಪಕ್ಕದ ಅಂಗಡಿಗೆ ಕಾಫಿಗೆ ಓಡಿಸಿದರು. ವಾದೀಶ ತಲೆ ತಗ್ಗಿಸಿ, "ಯಾವುದಿದೆಯೋ ಅದೇ ಕೊಡಿ" ಎಂದ. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮನೆ ಹತ್ತಿರ ಬಂದಾಗ ಕೇಳಿದ, "ದಿವಾಕರ್, ನಿಮಗೆ ಮೊದಲೇ ಗೊತ್ತಿತ್ತಾ?" ನಾನು ಗೇರು ಬದಲಿಸಿದೆ. ಉತ್ತರ ತಪ್ಪಿಸಿಕೊಳ್ಳಲು ಕಾರು ಓಡಿಸುವವನಿಗೆ ಗೇರಿನಿಂದ ಅದೊಂದು ಅನುಕೂಲ.

ಮೂವತ್ತು ವರ್ಷ ಕಟ್ಟಿದ್ದ ಅಣೆಕಟ್ಟು ಒಡೆದ ಮೇಲೆ ನೀರು ನಿಲ್ಲುತ್ತದೆಯೇ? ಅತ್ತೆ ವಾದೀಶನ ಜೊತೆ ಮಾತಾಡತೊಡಗಿದರು. ಭಾಮಾಳ ಸೀಮಂತದ ದಿನ ಅವನು ಪಾಯಸಕ್ಕೆ ಕೊಟ್ಟ ಅಭಿಪ್ರಾಯದಿಂದ ಹಿಡಿದು, ಅವನು ಆರಿಸಿಕೊಟ್ಟ ಗೀಸರು ಸಿಡಿದದ್ದರವರೆಗೆ ಎಲ್ಲ ಹೊರಗೆ ಬಂತು. ಸಂಜೆ ಆಟಕ್ಕೆ ಎದುರಾಳಿ ಬೇಕಲ್ಲ, ಮಾವನಿಗೆ ಕೀಲುನೋವು, ಅವನೇ ಕೋಲು ಹಿಡಿಯಬೇಕಾಯಿತು. ಅತ್ತೆ ಆಡುತ್ತ ಮಾತಾಡುತ್ತಿದ್ದರು, ಮಾತಾಡುತ್ತ ಗೆಲ್ಲುತ್ತಿದ್ದರು. ಸಾಮಿಯಾತಾಳ್ ಫ್ರಿಡ್ಜ್ ಕೊಂಡಳು, ಆದರೂ ಸಂಜೆ ಬರುವುದನ್ನು ಬಿಡಲಿಲ್ಲ. ಈಗ ಅವಳು ಬರುತ್ತಿದ್ದದ್ದು ಆಟ ನೋಡಲು.

ತೈ ಮಾಸದಲ್ಲಿ ಅರವತ್ತರ ಶಾಂತಿ ಚೆನ್ನಾಗಿಯೇ ನಡೆಯಿತು, ಪಂಚಪಾತ್ರೆ ಬಂತು. ಪಂಗುನಿಯ, ಅಂದರೆ ಯುಗಾದಿಯ, ಹೊತ್ತಿಗೆ ಆ ಹೊಸ ಪೆಟ್ಟಿಗೆಯೂ ಅಂಗಡಿಗೆ ಬಂದೇಬಂತು. ಒಳಗೆ ಹೊಸ ಚಿಪ್ಪು, ಕಮ್ಮಿ ಕರೆಂಟು, ಕಮ್ಮಿ ಬಿಸಿ, ವಾದೀಶ ಹೇಳಿದ್ದೆಲ್ಲ ನಿಜ. ಚಿಪ್ಪಿನ ಗೆರೆ ಮಾತ್ರ ಎರಡಕ್ಕೆ ಇಳಿದಿರಲಿಲ್ಲ, ಆರರಿಂದ ಕೊಂಚ ಕೆಳಗೆ ಬಂದು ನಿಂತಿತ್ತು. ಅತಿ ಸಣ್ಣ ಗೆರೆ ಎಳೆಯುವುದು ಬಹಳ ದುಬಾರಿಯಂತೆ, ಆಟದ ಪೆಟ್ಟಿಗೆಗೆ ಅಷ್ಟು ಯಾರು ಸುರಿಯುತ್ತಾರೆ ಎಂದು ಸಮೀರ್ ಲಿಫ್ಟಿನಿಂದ ವರದಿ ತಂದ. ಒಳಗಿನ ಬಿಸಿ ಹೀರುವ ಲೋಹದ ತುಂಡು ಕಿರಿದಾಗಿ ತೂಕ ಇಳಿದಿತ್ತು. ಹೊರಗಿನ ಪೆಟ್ಟಿಗೆ ಅಂಗುಲವೂ ಬದಲಾಗದೆ ಅದೇ ಗಾತ್ರದಲ್ಲಿತ್ತು, ಪಂಪಿನ ಕವಚದ ಹಾಗೆ. ಬೆಲೆ ಇಳಿಯುವ ಬದಲು ಏರಿತ್ತು.

ತಿರುಪ್ಪೂರಿನಿಂದ ಮೋಹನ್ ರಾಜ್ ಫೋನ್ ಮಾಡಿ, ತಿಂಡಿಡಬ್ಬಿ ಅಳತೆಯ ಕವರುಗಳ ಗತಿಯೇನೆಂದು ಕೇಳಿದ. ಮೋಹನ್ ರಾಜನ ಅವ್ವ ಸೆಲ್ಲಮ್ಮ ಜಾಣೆ, ಆ ಕವರುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು, ದಾರ ಪೋಣಿಸಿ ಬಾಳೆಗೊನೆಗೆ ಹಕ್ಕಿ ಕುಕ್ಕದ ಹಾಗೆ ಕಟ್ಟಿಸಿದಳಂತೆ. ಕಾರಮಡೈ ಕಡೆ ಒಂದು ತೋಟದಲ್ಲಿ ಬಾಳೆಗೊನೆಗಳು ಈಗ ಬಣ್ಣಬಣ್ಣದ ಬನಿಯನ್ ತೊಟ್ಟು ನಿಂತಿವೆ.

ವಾದೀಶ ಆ ಹೊಸ ಪೆಟ್ಟಿಗೆಯನ್ನು ತನಗೆಂದು ತಾನೇ ಕೊಂಡ. ಕೊಂಡ ಸಂಜೆಯೇ, ತನ್ನ ಮನೆಗೂ ಹೋಗದೆ, ನೇರವಾಗಿ ಅತ್ತೆಯ ಮುಂದೆ ತಂದಿಟ್ಟ. ಸೋತ ಕೇಸಿನಲ್ಲಿ ಒಂದು ಸಾಕ್ಷಿಯಾದರೂ ತನ್ನ ಪರ ನುಡಿಯಲಿ ಎಂಬ ಆಸೆ.

"ಎತ್ತಿ ನೋಡಿ ಅತ್ತೆ. ನಿಮ್ಮದಕ್ಕಿಂತ ಹಗುರ. ನಾನು ಹೇಳಿದ್ದು ಪೂರ್ತಿ ತಪ್ಪಲ್ಲ ತಾನೆ?"

ಅತ್ತೆ ಬಲಗೈಯಿಂದ ಅದನ್ನು ಎತ್ತಿದರು, ಒಂದೇ ಕೈಯಿಂದ. ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ ತೂಗಿ ನೋಡಿದರು. ಮಣಿಕಟ್ಟು ಕಿರುಗುಟ್ಟಲಿಲ್ಲ. ಮುಖದಲ್ಲಿ ಮೆಚ್ಚಿಗೆ ಕಂಡಿತು.

"ಹಗುರ ನಿಜ," ಎಂದರು. "ಎರಡು ಮನೇಲಿ ಎರಡು ಪೆಟ್ಟಿಗೆ ಇದ್ರೆ ನೆಟ್ಟಲ್ಲಿ ಸೇರ್ಕೊಂಡು ಆಡಬಹುದು ಅಂತ ಆ ಫಿಸಿಯೋ ಪೆಣ್ಣು ಹೇಳಿದ್ಳು."

"ಆಡಬಹುದು, ಆಡಬಹುದು," ಎಂದ ವಾದೀಶ, ಉಬ್ಬಿ.

ಅತ್ತೆ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ಸೆರಗು ಸರಿಮಾಡಿಕೊಂಡರು.

"ನಲ್ಲದಾಯ್ತು ಮಾಪಿಳ್ಳೆ. ದಿನಾ ಇಷ್ಟು ದೂರ ಬರೋ ಕಷ್ಟ ತಪ್ಪಿತು. ಇನ್ಮೇಲೆ ನೀವು ನಿಮ್ಮ ಮನೇಲೇ ಕೂತು ಸೋಲಬಹುದು."